ಚಿಕ್ಕಪ್ಪ ಮರುಭೂಮಿಯಲ್ಲಿ ಮನೆ ಕಟ್ಟಿಸಿದರು

ನಿಮ್ಮ ಅಪ್ಪ-ಅಮ್ಮ ರಿಟೈರ್ ಆದಮೇಲೆ ಎಲ್ಲಿರ್ತಾರೆ ಅಂತ ಯಾರಾದರೂ ಕೇಳಿದರೆ ಥಟ್ಟನೆ ಏನು ಹೇಳ್ತೀರಿ? "ಊರಲ್ಲಿ ಮನೆ ಇದೆಯಲ್ಲ" ಅನ್ನೋರು ಕೆಲವರು. "ನಮ್ಮ ಜೊತೆಗೇ" ಅನ್ನೋರು ಕೆಲವರು. "ಕರೆದರೆ ಬರಲ್ಲ ಅಂತಾರೆ" ಎಂದು ನಕ್ಕು ಮಾತು ಬದಲಿಸುವವರೇ ಜಾಸ್ತಿ.

ಈ ಪ್ರಶ್ನೆಗೆ ನನ್ನ ಚಿಕ್ಕಪ್ಪ-ಚಿಕ್ಕಮ್ಮ ಕೊಟ್ಟ ಉತ್ತರ ಕೇಳಿ ನಮ್ಮ ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪ್ ಎರಡು ದಿನ ಮೌನವಾಗಿತ್ತು. "ಅರಿಜೋನಾದ ಮರುಭೂಮಿಯಲ್ಲಿ ಸೈಟ್ ತಗೊಂಡಿದ್ದೀವಿ. ಮನೆ ಕಟ್ಟಿಸ್ತಿದ್ದೀವಿ." ಮೂರನೇ ದಿನ ಹಾಸನದಿಂದ ದೊಡ್ಡತ್ತೆಯ ವಾಯ್ಸ್ ಮೆಸೇಜ್ ಬಂತು: "ಅಲ್ಲಿ ಒಂಟೆ ಇರ್ತಾವೇನೋ?"

ಒಂಟೆ ಇಲ್ಲ. ನಾನು ಕೆಲಸದ ಸಲುವಾಗಿ ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಇದ್ದೇನೆ. ಅವರ ಸೈಟ್ ಇರೋದು ಟೂಸಾನ್ ಊರಿನ ಅಂಚಿನಲ್ಲಿ, ನನ್ನ ಮನೆಯಿಂದ ಎರಡು ಗಂಟೆಯೊಳಗಿನ ಡ್ರೈವ್. ಹಾಗಾಗಿ ಪಾಯ ತೋಡಿದ ದಿನದಿಂದ ಹಾಲು ಉಕ್ಕಿಸಿದ ದಿನದವರೆಗೆ ಎಲ್ಲವನ್ನೂ ಹತ್ತಿರದಿಂದ ನೋಡಿದೆ. ಮೂವತ್ತರ ಆಸುಪಾಸಿನಲ್ಲಿರೋ ನಮಗೆ ಆ ಮನೆಯಿಂದ ತಿಳಿಯೋದು ತುಂಬಾ ಇದೆ ಅನ್ನಿಸಿದ್ದಕ್ಕೆ ಈ ವಾರದ ಅಂಕಣ.

ಹಿಮ ಬಿಟ್ಟು ಬಿಸಿಲಿಗೆ

ಚಿಕ್ಕಪ್ಪ ಮಿಶಿಗನ್‌ನಲ್ಲಿ ಮೂವತ್ತೊಂದು ವರ್ಷ ಇಂಜಿನಿಯರ್ ಆಗಿದ್ದವರು. ಅಲ್ಲಿನ ಮನೆ ದೊಡ್ಡದು. ಮಲಗುವ ಕೋಣೆಗಳು ಮಹಡಿಯಲ್ಲಿ, ಅಡುಗೆಮನೆ ಕೆಳಗೆ, ವಾಷಿಂಗ್ ಮಷೀನ್ ಅದಕ್ಕೂ ಕೆಳಗಿನ ನೆಲಮಾಳಿಗೆಯಲ್ಲಿ. ಮಕ್ಕಳಿಬ್ಬರೂ ದೊಡ್ಡವರಾಗಿ, ಒಬ್ಬ ಸಿಯಾಟಲ್‌ಗೆ, ಒಬ್ಬಳು ನ್ಯೂಜೆರ್ಸಿಗೆ ಹೊರಟುಹೋದ ಮೇಲೆ ಉಳಿದದ್ದು ಮೆಟ್ಟಿಲುಗಳು ಮಾತ್ರ ಅಂತ ಚಿಕ್ಕಮ್ಮ ಹೇಳ್ತಿದ್ದರು. ಒಂದು ಜನವರಿ ಬೆಳಗ್ಗೆ ಕಸದ ಡಬ್ಬ ರಸ್ತೆಗೆ ತಳ್ಳುವಾಗ ಚಿಕ್ಕಪ್ಪ ಹಿಮದ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆಮೇಲಿನ ಆರು ವಾರ ಅವರ ಅಂಗಿ ಗುಂಡಿ ಹಾಕಿದ್ದು ಚಿಕ್ಕಮ್ಮ. ಮಂಡಿ ನೋವಿದ್ದ ಚಿಕ್ಕಮ್ಮನ ಬದಲು ಬಟ್ಟೆಬುಟ್ಟಿ ಹಿಡಿದು ನೆಲಮಾಳಿಗೆಗೆ ಇಳಿಯಲು ಯಾರೂ ಇರಲಿಲ್ಲ.

ಅಮೆರಿಕದ ಚಳಿಪ್ರದೇಶದವರು ವಯಸ್ಸಾದ ಮೇಲೆ ಬಿಸಿಲು ಹುಡುಕಿಕೊಂಡು ಹೋಗೋದು ಹೊಸತಲ್ಲ. ಅದನ್ನು ದೊಡ್ಡ ವ್ಯವಹಾರ ಮಾಡಿದ್ದೇ ಅರಿಜೋನಾ. ಫೀನಿಕ್ಸ್ ಹತ್ತಿರದ ಹತ್ತಿ ಹೊಲಗಳಲ್ಲಿ ಡೆಲ್ ವೆಬ್ ಎಂಬ ಬಿಲ್ಡರ್ 'ಸನ್ ಸಿಟಿ' ಅನ್ನೋ ಊರನ್ನೇ ಕಟ್ಟಿ, 1960ರ ಜನವರಿ 1ರಂದು ಬಾಗಿಲು ತೆರೆದರು. ಅವತ್ತು ತೋರಿಸಲು ಇದ್ದದ್ದು ಐದು ಮಾದರಿ ಮನೆಗಳು. ಮೊದಲ ಮೂರು ದಿನದಲ್ಲಿ ನೋಡಲು ಬಂದವರು ಸುಮಾರು ಒಂದು ಲಕ್ಷ ಜನ. 1962ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಡೆಲ್ ವೆಬ್ ಚಿತ್ರ ಬಂತು. ಮುದುಕರಾದವರು ಮಕ್ಕಳ ಮನೆಯ ಹಿಂದಿನ ರೂಮಿನಲ್ಲಿ ಇರಬೇಕಿಲ್ಲ, ಗಾಲ್ಫ್ ಆಡಿಕೊಂಡು ತಮ್ಮದೇ ಮನೆಯಲ್ಲಿ ಇರಬಹುದು ಅನ್ನೋ ಕನಸನ್ನು ಅವರು ಮಾರಿದರು. ಇವತ್ತಿಗೂ ಸನ್ ಸಿಟಿಯ ರಸ್ತೆಗಳಲ್ಲಿ ಅಜ್ಜ-ಅಜ್ಜಿಯರು ಗಾಲ್ಫ್ ಬಂಡಿಯಲ್ಲೇ ತರಕಾರಿ ತರೋದನ್ನು ನೋಡಬಹುದು.

ಮರಳಲ್ಲ, ಸುಣ್ಣದ ಬಂಡೆ

ಮರುಭೂಮಿ ಅಂದರೆ ನಮ್ಮ ಕಣ್ಣಿಗೆ ಬರೋದು ರಾಜಸ್ಥಾನದ ಮರಳ ದಿಬ್ಬ. ಟೂಸಾನ್ ಇರುವ ಸೊನೊರನ್ ಮರುಭೂಮಿ ಹಾಗಿಲ್ಲ. ವರ್ಷಕ್ಕೆ ಸುಮಾರು 28 ಸೆಂಟಿಮೀಟರ್ ಮಳೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗಿನ ಮಳೆಗಾಲವನ್ನು ಅಲ್ಲಿಯವರೂ 'ಮಾನ್ಸೂನ್' ಅಂತಲೇ ಕರೀತಾರೆ. ಹಸಿರು ಕಾಂಡದ ಪಾಲೊ ವರ್ಡೆ ಮರ, ಮುಳ್ಳುಗಿಡ, ಎಲ್ಲದರ ನಡುವೆ ಕಂಬದ ಹಾಗೆ ನಿಂತ ಸವಾರೊ ಕಳ್ಳಿ. ಈ ಸವಾರೊ ಬೆಳೆಯೋದು ಸೊನೊರನ್ ಮರುಭೂಮಿಯಲ್ಲಿ ಮಾತ್ರ. ಮೊದಲ ಎಂಟು ವರ್ಷದಲ್ಲಿ ಬೆಳೆಯೋದು ಒಂದೂವರೆ ಇಂಚಿನಷ್ಟು. ಪಕ್ಕಕ್ಕೆ ತೋಳು ಮೂಡಲು ಸಾಮಾನ್ಯವಾಗಿ 50ರಿಂದ 75 ವರ್ಷ ಬೇಕು.

ಚಿಕ್ಕಪ್ಪನ ಸೈಟಿನಲ್ಲೂ ಒಂದಿತ್ತು. ಎರಡಾಳೆತ್ತರ, ಇನ್ನೂ ತೋಳಿಲ್ಲ. "ನನ್ನ ಓರಗೆಯವನೇ ಇರಬೇಕು ಕಣೇ" ಅಂದರು. ಅಲ್ಲಿ ಸವಾರೊಗೆ ಕಾನೂನಿನ ರಕ್ಷಣೆ ಇದೆ. ನಿಮ್ಮ ಜಾಗದಲ್ಲೇ ಇದ್ದರೂ ಕೃಷಿ ಇಲಾಖೆಗೆ ತಿಳಿಸದೆ ಕಡಿಯೋ ಹಾಗಿಲ್ಲ. ಕಿತ್ತು ಬೇರೆ ಕಡೆ ನೆಡಬಹುದು, ಆದರೆ ಈ ವಯಸ್ಸಿನಲ್ಲಿ ಜಾಗ ಬದಲಾಯಿಸಿದರೆ ಬದುಕುತ್ತೋ ಇಲ್ಲವೋ. ಕೊನೆಗೆ ಕಾರು ನಿಲ್ಲಿಸುವ ಜಾಗವನ್ನೇ ನಾಲ್ಕಡಿ ಪಕ್ಕಕ್ಕೆ ಸರಿಸಿದರು.

ಪಾಯ ತೋಡುವಾಗ ಎರಡಡಿ ಕೆಳಗೆ ಜೆಸಿಬಿ ಹಲ್ಲು ಕಿರ್ರ್ ಅಂದಿತು. 'ಕಲೀಚೆ' ಅಂತಾರೆ ಅದಕ್ಕೆ: ಮಣ್ಣಿನ ಸುಣ್ಣದ ಅಂಶ ಸಾವಿರಾರು ವರ್ಷ ಇಂಗಿ, ಒಣಗಿ, ಕಾಂಕ್ರೀಟಿನ ಹಾಗೆ ಗಟ್ಟಿಯಾದ ಪದರ. ನೀರೂ ಇಳಿಯಲ್ಲ, ಬೇರೂ ಇಳಿಯಲ್ಲ. ಒಡೆಯಲು ಡ್ರಿಲ್ಲಿಂಗ್ ಯಂತ್ರ ತರಿಸಬೇಕಾಯಿತು. ಎಸ್ಟಿಮೇಟಿನಲ್ಲಿ ಇಲ್ಲದ ಖರ್ಚು, ಎರಡು ವಾರ ತಡ. ನೆಲಮಾಳಿಗೆಯ ಪ್ರಶ್ನೆಯೇ ಇಲ್ಲ. ನೆಲಕ್ಕೆ ಗೆದ್ದಲಿನ ಔಷಧಿ ಹೊಡೆದು, ಅದರ ಮೇಲೆ ಕಾಂಕ್ರೀಟ್ ಹಾಸು, ಮರದ ಚೌಕಟ್ಟಿನ ಗೋಡೆ, ಹೊರಗೆ ಗಾರೆ. ಪಡುವಣ ದಿಕ್ಕಿಗೆ ಒಂದೇ ಒಂದು ಸಣ್ಣ ಕಿಟಕಿ. ಮಧ್ಯಾಹ್ನದ ಬಿಸಿಲು ಬರುವ ಕಡೆ ದೊಡ್ಡ ಕಿಟಕಿ ಇಟ್ಟರೆ ಎಸಿ ಬಿಲ್ಲು ಕಟ್ಟಲು ಇನ್ನೊಂದು ಪಿಂಚಣಿ ಬೇಕಾಗುತ್ತೆ.

ಯಾರಿಗಾಗಿ ಈ ಮನೆ?

ನಕ್ಷೆ ಮೊದಲ ಸಲ ನೋಡಿದಾಗ ನನಗೆ ವಿಚಿತ್ರ ಅನ್ನಿಸಿತು. ಚಿಕ್ಕ ಮನೆ, ಆದರೆ ಬಾಗಿಲುಗಳೆಲ್ಲ 36 ಇಂಚು ಅಗಲ. ಬಚ್ಚಲಲ್ಲಿ ಸ್ನಾನದ ಜಾಗಕ್ಕೆ ಕಟ್ಟೆಯೇ ಇಲ್ಲ, ನೆಲ ಸಮತಟ್ಟಾಗಿ ಒಳಗೆ ಹೋಗುತ್ತೆ. ಕಮೋಡಿನ ಸುತ್ತ ಐದಡಿ ಖಾಲಿ ಜಾಗ.

"ವೀಲ್‌ಚೇರ್ ಪೂರ್ತಿ ಸುತ್ತು ತಿರುಗೋಕೆ ಐದಡಿ ಬೇಕು ಪುಟ್ಟಿ" ಅಂದರು ಚಿಕ್ಕಪ್ಪ, ಟೇಪು ಹಿಡಿದುಕೊಂಡೇ.

"ಯಾರಿಗೆ ಚಿಕ್ಕಪ್ಪ ವೀಲ್‌ಚೇರ್?"

"ಇನ್ನೂ ಗೊತ್ತಿಲ್ಲ. ಇಬ್ಬರಲ್ಲಿ ಒಬ್ಬರಿಗೆ."

ಗೋಡೆ ಮುಚ್ಚುವ ಮೊದಲು ಬಚ್ಚಲ ಗೋಡೆಯೊಳಗೆ ಮರದ ತುಂಡುಗಳನ್ನು ಹೊಡೆಸಿದರು. ಮುಂದೊಂದು ದಿನ ಹಿಡಿದುಕೊಳ್ಳುವ ಕಂಬಿ ಬೇಕಾದಾಗ ಮೊಳೆ ಗಟ್ಟಿಯಾಗಿ ಕೂರಲಿ ಅಂತ. ಈಗ ಹಾಕಿಸಿದರೆ ಸಾಲದೇ ಅಂದರೆ, "ಈಗಲೇ ಹಾಕಿದರೆ ದಿನಾ ನೋಡಬೇಕು. ಒಳಗಿರಲಿ, ಬೇಕಾದಾಗ ಬರ್ತದೆ" ಅಂದರು ಚಿಕ್ಕಮ್ಮ.

ಜಗಳ ಆಗಿದ್ದು ಹೊಸಿಲಿನ ವಿಷಯಕ್ಕೆ. ಗಾಲಿ ಸರಾಗವಾಗಿ ಹೋಗಬೇಕಾದರೆ ಹೊಸಿಲು ಎದ್ದಿರಬಾರದು. ಹೊಸಿಲೇ ಇಲ್ಲದ ಮನೆಗೆ ಅರಿಶಿನ-ಕುಂಕುಮ ಎಲ್ಲಿ ಇಡೋದು? "ನಲವತ್ತು ವರ್ಷದಿಂದ ಹೊಸಿಲು ತೊಳೆದು ಪೂಜೆ ಮಾಡಿದೀನಿ ರೀ, ಈ ಮನೆಗೆ ಬಾಗಿಲು ಬೇಡ ಅಂದ್ರೂ ಒಪ್ತೀನಿ, ಹೊಸಿಲು ಬಿಡಲ್ಲ." ಮೂರು ದಿನ ಮಾತಿಲ್ಲ. ಕೊನೆಗೆ ಬಡಗಿಯೇ ದಾರಿ ತೋರಿಸಿದ. ಬಾಗಿಲ ಕೆಳಗೆ ನೆಲದ ಮಟ್ಟಕ್ಕೇ ಒಂದು ತೇಗದ ಪಟ್ಟಿ ಕೂರಿಸಿದ. ಕಣ್ಣಿಗೆ ಹೊಸಿಲು, ಕಾಲಿಗೆ ನೆಲ. ಚಿಕ್ಕಮ್ಮ ಈಗ ಅದಕ್ಕೇ ರಂಗೋಲಿ ಎಳೆ ಹಾಕ್ತಾರೆ.

ಸೈಟ್ ಆರಿಸಿದ ಕತೆಯೂ ಇಂಥದ್ದೇ. ಎರಡು ಸೈಟ್ ಇದ್ದವು. ಒಂದರ ಹಿತ್ತಲಿಗೆ ಇಡೀ ಬೆಟ್ಟದ ಸಾಲು ಕಾಣೋದು. ಇನ್ನೊಂದರಿಂದ ಕಾಣೋದು ಎದುರು ಮನೆಯ ಗ್ಯಾರೇಜು, ಆದರೆ ಆಸ್ಪತ್ರೆಗೆ ಹನ್ನೆರಡು ನಿಮಿಷ. ಬೆಟ್ಟದ ಸೈಟಿಂದ ಮೂವತ್ತೈದು. ತಗೊಂಡಿದ್ದು ಗ್ಯಾರೇಜಿನದು. ಅಡುಗೆಮನೆ ಕಿಟಕಿಯ ಎಡಮೂಲೆಯಲ್ಲಿ ನಿಂತು ಸ್ವಲ್ಪ ಬಗ್ಗಿದರೆ ಬೆಟ್ಟದ ಒಂದು ತುದಿ ಕಾಣುತ್ತೆ. ಸಂಜೆ ಅದು ಗುಲಾಬಿ ಬಣ್ಣಕ್ಕೆ ತಿರುಗೋ ಹೊತ್ತಿಗೆ ಚಿಕ್ಕಮ್ಮ ಅಲ್ಲೇ ಕಾಫಿ ಕುಡೀತಾರೆ.

ಒಂದು ಶನಿವಾರ ಹೋದಾಗ ಚಿಕ್ಕಮ್ಮ ಮೀಟರ್ ಬೋರ್ಡ್ ಮುಂದೆ ಕನ್ನಡಕ ಹಾಕಿಕೊಂಡು ನಿಂತಿದ್ದರು. ಒಂದೊಂದು ಸ್ವಿಚ್ಚಿನ ಪಕ್ಕಕ್ಕೂ ಕನ್ನಡದಲ್ಲಿ ಚೀಟಿ ಅಂಟಿಸಿದ್ದರು: ದೇವರ ಮನೆ, ಒಲೆ, ಎಸಿ, ಗೀಸರ್. ನೀರಿನ ಮೇನ್ ವಾಲ್ವ್ ಎಲ್ಲಿದೆ, ಎಸಿ ಫಿಲ್ಟರ್ ಬದಲಿಸೋದು ಹೇಗೆ, ಇನ್ಶೂರೆನ್ಸ್ ಕಾಗದ ಯಾವ ಫೈಲಿನಲ್ಲಿದೆ, ಎಲ್ಲ ಕಲೀತಿದ್ದರು. ಒಳಗೆ ಚಿಕ್ಕಪ್ಪ ಬೇಳೆ ಬೇಯಿಸುತ್ತಿದ್ದರು. ಕುಕ್ಕರ್ ಎಷ್ಟು ವಿಷಲ್ ಅಂತ ಕೂಗಿ ಕೇಳ್ತಿದ್ದರು. ಅರವತ್ತಾರನೇ ವಯಸ್ಸಿನಲ್ಲಿ ಸಾರು ಕಲೀತಿದ್ದರು.

"ಇದೇನು, ಕೆಲಸ ಅದಲು ಬದಲು?" ಅಂದೆ ನಗುತ್ತಾ.

ಚಿಕ್ಕಮ್ಮ ನಗಲಿಲ್ಲ. "ಇದು ಇಬ್ಬರಿಗೆ ಅಂತ ಕಟ್ಟಿಸಿದ ಮನೆ ಅಲ್ಲಮ್ಮ. ಉಳಿಯೋ ಒಬ್ಬರಿಗೆ. ಯಾರು ಅಂತ ದೇವರಿಗೇ ಗೊತ್ತು. ಅದಕ್ಕೆ ಇಬ್ಬರೂ ಎಲ್ಲಾ ಕಲಿತಿರಬೇಕು."

ಹೊರಗೆ ಬಂದು ಸವಾರೊ ಪಕ್ಕ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಅಗಲ ಬಾಗಿಲು, ಗೋಡೆಯೊಳಗಿನ ಮರ, ಆಸ್ಪತ್ರೆಯ ಹನ್ನೆರಡು ನಿಮಿಷ ಎಲ್ಲದರ ಅರ್ಥ ಆ ಒಂದು ಮಾತಿನಲ್ಲಿತ್ತು.

ಮಗನ ಸಿಟ್ಟು

ಎಲ್ಲರಿಗೂ ಇದು ಇಷ್ಟವಾಗಿದೆ ಅಂತಲ್ಲ. ಈ ಬಡಾವಣೆ '55 ದಾಟಿದವರಿಗೆ' ಮಾತ್ರ. ವಯಸ್ಸು ನೋಡಿ ಮನೆ ಕೊಡೋದಕ್ಕೆ ಅಮೆರಿಕದ ಕಾನೂನು ಒಪ್ಪುತ್ತೆ; 1995ರ ಒಂದು ಕಾಯ್ದೆ ಪ್ರಕಾರ ಜನ ಇರುವ ಮನೆಗಳಲ್ಲಿ ಕನಿಷ್ಠ 80 ಶೇಕಡಾದಲ್ಲಿ ಒಬ್ಬರಾದರೂ 55 ತುಂಬಿದವರು ಇರಬೇಕು. ಮಿಕ್ಕ ನಿಯಮ ಬಡಾವಣೆಯವರದು. ಇಲ್ಲಿ ಮೊಮ್ಮಕ್ಕಳು ಬರಬಹುದು, ವರ್ಷಕ್ಕೆ ಇಂತಿಷ್ಟು ದಿನ ಇರಬಹುದು, ನೆಲೆಸೋ ಹಾಗಿಲ್ಲ.

ಸಿಯಾಟಲ್‌ನ ಅಣ್ಣನಿಗೆ ಕೋಪ ಬಂದಿದ್ದು ಇಲ್ಲಿಗೇ. "ನಾಳೆ ನನ್ನ ಕೆಲಸ ಹೋದರೆ ನಾನು, ನನ್ನ ಮಕ್ಕಳು ಅಪ್ಪನ ಮನೆಗೆ ಹೋಗೋಕಾಗಲ್ವಾ? ಹಾಗಾದ್ರೆ ಅದು ಎಂಥ ಅಪ್ಪನ ಮನೆ?" ಚಿಕ್ಕಪ್ಪನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. "ನಿನ್ನ ಮನೇಲಿ ನನಗೊಂದು ರೂಮು ಇಟ್ಟಿದ್ದೀಯಾ ಅಂತ ನಾನು ಕೇಳಿದ್ದೀನಾ?" ಅಂದರಂತೆ. ಆ ಮೇಲೆ ಇಬ್ಬರೂ ಎರಡು ತಿಂಗಳು ಕ್ರಿಕೆಟ್ ಬಿಟ್ಟು ಬೇರೆ ಮಾತಾಡಲಿಲ್ಲ. ಇಬ್ಬರ ಮಾತಲ್ಲೂ ನ್ಯಾಯ ಇದೆ, ಇಬ್ಬರಿಗೂ ನೋವಾಗಿದೆ. ಅದು ಇನ್ನೂ ಪೂರ್ತಿ ಸರಿಹೋಗಿಲ್ಲ.

ಬಿಸಿಲು ಮತ್ತು ನೀರು

ಮರುಭೂಮಿ ಪುಕ್ಕಟೆ ಸುಖ ಕೊಡಲ್ಲ. 2023ರ ಜುಲೈನಲ್ಲಿ ನಾನಿರೋ ಫೀನಿಕ್ಸ್ ಕಡೆ ಸತತ 31 ದಿನ 43 ಡಿಗ್ರಿ ದಾಟಿತ್ತು. ಆ ವರ್ಷ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ ಶಾಖದಿಂದ ಆದ ಸಾವುಗಳ ಲೆಕ್ಕ 645. ಮನೆಯೊಳಗೇ ಸತ್ತವರಲ್ಲಿ ಹೆಚ್ಚಿನವರ ಎಸಿ ಕೆಟ್ಟು ನಿಂತಿತ್ತು. ಟೂಸಾನ್ ಇನ್ನೂ ಸಾವಿರ ಅಡಿಗಿಂತ ಎತ್ತರದಲ್ಲಿ ಇರೋದರಿಂದ ಸ್ವಲ್ಪ ತಂಪು, ಆದರೂ ಜೂನ್ ಅಂದರೆ ಜೂನೇ. ಹಾಗಾಗಿ ಚಿಕ್ಕಪ್ಪ ಹಾಲ್‌ಗೆ ಒಂದು, ಮಲಗೋ ಕೋಣೆಗೆ ಇನ್ನೊಂದು ಅಂತ ಎರಡು ಪ್ರತ್ಯೇಕ ಎಸಿ ಹಾಕಿಸಿದರು. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ.

ಇನ್ನು ನೀರು. ಟೂಸಾನ್ ಕುಡಿಯುವ ನೀರಿನಲ್ಲಿ ದೊಡ್ಡ ಪಾಲು ಕೊಲೊರಾಡೊ ನದಿಯದು. 336 ಮೈಲಿ ಉದ್ದದ ಕಾಲುವೆಯಲ್ಲಿ, ಪಂಪ್‌ಗಳಿಂದ ಸುಮಾರು 2,900 ಅಡಿ ಮೇಲಕ್ಕೆತ್ತಿ ತರುತ್ತಾರೆ. ಆ ಕಾಲುವೆ ಕೆಲಸ 1973ರಲ್ಲಿ ಶುರುವಾಗಿ 1993ರಲ್ಲಿ ಮುಗಿಯಿತು. ಕಾವೇರಿ ನೀರು ಎತ್ತಿ ತಂದು ಕುಡಿಯೋ ಬೆಂಗಳೂರಿನವರಿಗೆ ಇದರ ಕಷ್ಟ ಹೇಳಬೇಕಿಲ್ಲ. 1980ರ ಅಂತರ್ಜಲ ಕಾನೂನಿನ ಪ್ರಕಾರ ಅರಿಜೋನಾದ ಫೀನಿಕ್ಸ್, ಟೂಸಾನ್‌ನಂಥ ಕಡೆ ಹೊಸ ಬಡಾವಣೆ ಮಾಡೋರು ನೂರು ವರ್ಷಕ್ಕೆ ಸಾಲುವಷ್ಟು ನೀರಿದೆ ಅಂತ ಮೊದಲು ತೋರಿಸಬೇಕು. ಆದರೂ ಈ ನಿಯಮದ ಹೊರಗೆ ಬಿಡಿಬಿಡಿಯಾಗಿ ಮನೆ ಕಟ್ಟಿಕೊಂಡವರಿದ್ದಾರೆ. ಫೀನಿಕ್ಸ್ ಪಕ್ಕದ ರಿಯೊ ವರ್ಡೆ ಫುಟ್‌ಹಿಲ್ಸ್ ಅಂಥದ್ದೊಂದು ಜಾಗ. ಸ್ಕಾಟ್ಸ್‌ಡೇಲ್ ನಗರದ ನೀರನ್ನು ಟ್ಯಾಂಕರ್‌ನಲ್ಲಿ ತರಿಸಿಕೊಳ್ಳುತ್ತಿದ್ದರು. 2023ರ ಜನವರಿ 1ರಿಂದ ನಗರ ಅದನ್ನು ನಿಲ್ಲಿಸಿಬಿಟ್ಟಿತು. ಬಂಗಲೆಯಂಥ ಮನೆಗಳವರು ಮಳೆನೀರು ಹಿಡಿದು ಪಾತ್ರೆ ತೊಳೆಯುವ ಸ್ಥಿತಿ ಬಂತು.

ಹಾಗಾಗಿ ಚಿಕ್ಕಪ್ಪ ಸೈಟ್ ಕೊಳ್ಳುವ ಮೊದಲು ಕೇಳಿದ ಮೊದಲ ಪ್ರಶ್ನೆ ಬೆಲೆಯದಲ್ಲ, "ನೀರು ಯಾರು ಕೊಡ್ತಾರೆ, ಕಾಗದ ತೋರಿಸಿ" ಅನ್ನೋದು. ಮನೆ ಮುಂದೆ ಹುಲ್ಲಿಲ್ಲ, ಜಲ್ಲಿಕಲ್ಲು ಹರಡಿದ್ದಾರೆ. ಕರಿಬೇವಿನ ಕುಂಡ ಒಂದಕ್ಕೆ ಮಾತ್ರ ಅಕ್ಕಿ ತೊಳೆದ ನೀರು ಹೋಗುತ್ತೆ.

ಹಾಲು ಉಕ್ಕಿದ ದಿನ

ಮಿಶಿಗನ್ ಮನೆ ಖಾಲಿ ಮಾಡಲು ನಾಲ್ಕು ತಿಂಗಳು ಹಿಡಿಯಿತು. ಮಕ್ಕಳ ಟ್ರೋಫಿಗಳು, ಶಾಲೆ ಪುಸ್ತಕ, ಹದಿನೆಂಟು ಸ್ವೆಟರು. "ಬಿಸಾಕಬೇಡಿ, ಇಟ್ಟಿರಿ" ಅಂತ ಮಕ್ಕಳು ಹೇಳಿದ್ದಕ್ಕೆ ಚಿಕ್ಕಮ್ಮ ಎರಡು ಪೆಟ್ಟಿಗೆ ಕಟ್ಟಿ ಅವರವರ ವಿಳಾಸಕ್ಕೇ ಪಾರ್ಸೆಲ್ ಮಾಡಿದರು. ಹಿಮ ಬಾಚುವ ಸಲಿಕೆ ಪಕ್ಕದ ಮನೆಯವರಿಗೆ ಹೋಯಿತು. ಬಂದದ್ದು ಗ್ರೈಂಡರ್, ದೇವರ ಪೆಟ್ಟಿಗೆ, ಕಬ್ಬಿಣದ ದೋಸೆ ಹೆಂಚು, ನಾಲ್ಕು ಡಬ್ಬ ಪುಸ್ತಕ.

ನವೆಂಬರ್‌ನಲ್ಲಿ ಗೃಹಪ್ರವೇಶ. ಹೋಮ ಒಳಗೆ ಮಾಡಿದರೆ ಹೊಗೆ ಅಲಾರಾಂ ಕೂಗಿಕೊಳ್ಳುತ್ತೆ ಅಂತ ಹಿತ್ತಲ ಜಗಲಿಯಲ್ಲೇ ಮಾಡಿದ್ದು. ಹಸುವಿನ ಬದಲು ಬೆಳ್ಳಿ ಹಸು. ಅಣ್ಣ ಸಿಯಾಟಲ್‌ನಿಂದ ಬಂದಿದ್ದ. ಹೆಚ್ಚು ಮಾತಾಡಲಿಲ್ಲ, ಆದರೆ ಬಚ್ಚಲಿಗೆ ಹೋಗಿ ಗೋಡೆ ತಟ್ಟಿ ತಟ್ಟಿ ಮರ ಎಲ್ಲಿದೆ ಅಂತ ನೋಡಿ, ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿದ. ಎದುರು ಮನೆಯ ಎಂಬತ್ತೊಂದರ ಅಜ್ಜಿ ಸೇಬಿನ ಪೈ ಜೊತೆಗೆ ನೀಲಿ ಟಾರ್ಚ್ ಒಂದನ್ನು ಉಡುಗೊರೆ ಕೊಟ್ಟರು. ರಾತ್ರಿ ಆ ಬೆಳಕು ಬಿಟ್ಟರೆ ಚೇಳುಗಳು ಹಸಿರಾಗಿ ಹೊಳೀತಾವಂತೆ. "ಚಪ್ಪಲಿ ಕೊಡವಿ ಹಾಕ್ಕೊಳ್ಳಿ" ಅನ್ನೋದು ಅವರ ಮೊದಲ ಪಾಠ. ದೊಡ್ಡತ್ತೆಗೆ ಹೇಳಿದಾಗ, "ಇದನ್ನು ನಾನೇ ಹೇಳ್ತಿದ್ದೆನಲ್ಲ, ಅದಕ್ಕೆ ಅಮೆರಿಕದ ಅಜ್ಜಿ ಯಾಕೆ?" ಅಂದರು.

ಈಗ ಅವರ ದಿನ ಬೆಳಗ್ಗೆ ಐದಕ್ಕೆ ಶುರು. ವಾಕಿಂಗ್, ಆಮೇಲೆ ಕ್ಲಬ್‌ಹೌಸಿನ ಈಜುಕೊಳದಲ್ಲಿ ಮಂಡಿ ವ್ಯಾಯಾಮ. ಮಂಗಳವಾರ ಎದುರು ಮನೆ ಅಜ್ಜಿಯನ್ನು ಡಾಕ್ಟರ ಹತ್ತಿರ ಕರ್ಕೊಂಡು ಹೋಗೋದು ಚಿಕ್ಕಪ್ಪನ ಪಾಳಿ, ಅವರಿಗೆ ಕಾರು ಓಡಿಸೋದು ನಿಂತಿದೆ. ಇಲ್ಲಿ ಬಸ್ಸು ಅಪರೂಪ, ಕಾರು ಬಿಟ್ಟರೆ ಕಾಲು ಕಟ್ಟಿಹಾಕಿದ ಹಾಗೆ. ಮುಂದೆ ನಮ್ಮನ್ನು ಯಾರು ಕರ್ಕೊಂಡು ಹೋಗ್ತಾರೆ ಅಂತ ಚಿಕ್ಕಮ್ಮ ಕೇಳಿದರೆ, "ಆಗ ಎದುರು ಮನೆಗೆ ಒಬ್ಬ ಅರವತ್ತಾರರ ಹುಡುಗ ಬಂದಿರ್ತಾನೆ ಬಿಡೇ" ಅಂತಾರೆ ಚಿಕ್ಕಪ್ಪ. ತಮಾಷೆಗೆ ಹೇಳ್ತಾರೆ, ಆದರೆ ಆ ಬೀದಿ ನಡೀತಿರೋದೇ ಹಾಗೆ.

ನಮ್ಮ ಮನೆಗಳ ಕಡೆ

ಈಗ ಒಂದು ನಿಮಿಷ ನಮ್ಮ ಊರಿನ ಮನೆ ನೆನೆಸಿಕೊಳ್ಳಿ. ಮೈಸೂರೋ, ಹಾಸನವೋ, ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟೋ. ಪಿ.ಎಫ್. ದುಡ್ಡೆಲ್ಲ ಸುರಿದು ಅಪ್ಪ ಕಟ್ಟಿಸಿದ ಮನೆಯಲ್ಲಿ ಮಹಡಿ ಮೇಲಿನ ಎರಡು ರೂಮು ನಮಗಾಗಿ. ನಾವು ವರ್ಷಕ್ಕೆ ಹತ್ತು ದಿನ ಹೋಗ್ತೀವಿ. ಉಳಿದ 355 ದಿನ ಅಮ್ಮ ಆ ರೂಮುಗಳ ಧೂಳು ಹೊಡೆಯಲು ಮೆಟ್ಟಿಲು ಹತ್ತುತ್ತಾರೆ. ಬಚ್ಚಲಿಗೆ ನುಣುಪು ಟೈಲ್ಸ್. ಬಾಗಿಲು ಇಪ್ಪತ್ತೆಂಟು ಇಂಚು. ಮೇನ್ ಸ್ವಿಚ್ ಎಲ್ಲಿದೆ ಅಂತ ಅಪ್ಪನಿಗೆ ಮಾತ್ರ ಗೊತ್ತು. ಸಾರಿಗೆ ಉಪ್ಪೆಷ್ಟು ಅಂತ ಅಮ್ಮನಿಗೆ ಮಾತ್ರ.

ಮರುಭೂಮಿಗೆ ಹೋಗಿ ಅಂತ ನಾನು ಯಾರಿಗೂ ಹೇಳಲ್ಲ. ನಮ್ಮಲ್ಲಿ ತಂಗಿ ಮನೆ ಎರಡು ಬೀದಿ ಆಚೆ ಇರುತ್ತೆ, ಹಾಲಿನವನು ದಿನಾ ಬೆಲ್ ಮಾಡ್ತಾನೆ, ಒಂದು ದಿನ ಪೇಪರ್ ಎತ್ತಿಕೊಳ್ಳದಿದ್ದರೆ ಪಕ್ಕದ ಮನೆಯವರು ಇಣುಕಿ ನೋಡ್ತಾರೆ. ಅಷ್ಟು ದುಡ್ಡು ಕೊಟ್ಟರೂ ಟೂಸಾನ್‌ನಲ್ಲಿ ಅದು ಸಿಗಲ್ಲ. ಆದರೆ ಉಳಿಯೋ ಒಬ್ಬರ ಬಗ್ಗೆ ಅವರಿಬ್ಬರು ಮುಖ ನೋಡಿಕೊಂಡು ಮಾತಾಡಿದರಲ್ಲ, ಅದಕ್ಕೆ ದುಡ್ಡು ಬೇಕಿಲ್ಲ.

ಈ ಸಲ ಊರಿಗೆ ಹೋದಾಗ ಒಂದು ಟೇಪು ತಗೊಂಡು ಹೋಗಿ. ಬಚ್ಚಲ ಬಾಗಿಲು ಅಳೆಯಿರಿ. ಮಲಗೋ ಕೋಣೆಯಿಂದ ಬಚ್ಚಲಿಗೆ ರಾತ್ರಿ ಉರಿಯೋ ಒಂದು ಸಣ್ಣ ದೀಪ, ಜಾರದ ಟೈಲ್ಸ್, ಕಮೋಡ್ ಪಕ್ಕ ಒಂದು ಕಂಬಿ: ಹಬ್ಬದ ಶಾಪಿಂಗ್‌ಗಿಂತ ಹೆಚ್ಚೇನೂ ಖರ್ಚಾಗಲ್ಲ. ಅವರ ಮಂಚ ಕೆಳಗಿನ ಮನೆಗೆ ಬರಲಿ, ನಿಮ್ಮ ಹಳೇ ಟ್ರೋಫಿ ಮೇಲೆ ಹೋಗಲಿ. ಅಮ್ಮನಿಗೆ ನೆಟ್ ಬ್ಯಾಂಕಿಂಗ್ ಹೇಳಿಕೊಡಿ, ಅಪ್ಪನಿಗೆ ಕುಕ್ಕರ್. ಬೇಜಾರು ಮಾಡಿಕೊಳ್ಳಬಹುದು. "ನಮ್ಮನ್ನ ಈಗಲೇ ಮುದುಕರು ಮಾಡ್ತೀಯಾ" ಅಂತ ಬೈಯಬಹುದು. ಬೈಸಿಕೊಳ್ಳಿ.

ಅರಿಜೋನಾದ ಹೆಚ್ಚಿನ ಕಡೆ ಗಡಿಯಾರ ಹಿಂದೆ ಮುಂದೆ ಮಾಡೋ ಪದ್ಧತಿ ಇಲ್ಲ. ಹಾಗಾಗಿ ಹಾಸನಕ್ಕೂ ನಮಗೂ ವರ್ಷವಿಡೀ ಹನ್ನೆರಡೂವರೆ ಗಂಟೆ ಅಂತರ. ಇಲ್ಲಿ ರಾತ್ರಿ ಎಂಟು ಅಂದರೆ ಅಲ್ಲಿ ಬೆಳಗಿನ ಎಂಟೂವರೆ. ಮೊನ್ನೆ ಆ ಹೊತ್ತಿಗೆ ಅಪ್ಪನಿಗೆ ಫೋನ್ ಮಾಡಿ, "ಅಪ್ಪಾ, ನಮ್ಮ ಬಚ್ಚಲ ಬಾಗಿಲು ಎಷ್ಟು ಅಗಲ ಇದೆ?" ಅಂತ ಕೇಳಿದೆ.

"ಯಾಕೆ?" ಅಂದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೇಜಿನ ಡ್ರಾಯರ್ ಎಳೆದು ಟೇಪು ಹುಡುಕೋ ಸದ್ದು ಕೇಳಿಸಿತು.